ಲಕೋಟೆಯೊಳಗಿನ ಗಡ್ಡ: ಉಸ್ನಿಯಾ ಮಾದರಿಗಳ ಸಂಗ್ರಹ ಮತ್ತು ದಾಖಲೆ

ಇಲ್ಲಿಗೆ ಬರುವ ದಾರಿಯಲ್ಲಿ ಗ್ರಂಥಿಗೆ ಅಂಗಡಿಯೊಂದರ ಮುಂದೆ ನಿಂತು 50 ಗ್ರಾಂ ಕಲ್ಲುಹೂವು ಕಟ್ಟಿಸಿಕೊಂಡು ಬಂದಿದ್ದೇನೆ. ಈ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಅದನ್ನು ಸುರಿಯುತ್ತೇನೆ. ಹತ್ತಿರ ಕುಳಿತವರು ಬಗ್ಗಿ ನೋಡಬಹುದು. ಮೇಲ್ಭಾಗ ಬೂದು, ಕೆಳಭಾಗ ಕಪ್ಪು, ಅಂಚು ಮುದುಡಿದ ಎಲೆಯಂಥ ಚೂರುಗಳೇ ಇದರಲ್ಲಿ ಹೆಚ್ಚು. ಅವು ಪಾರ್ಮೋಟ್ರೀಮಾ ಕುಲದವು. ಮಸಾಲೆಗೆ ಪರಿಮಳ ಕೊಡುವವು ಮುಖ್ಯವಾಗಿ ಇವೇ. ಹೆಸರಿನಲ್ಲಿ ಕಲ್ಲು ಇದ್ದರೂ ಇವುಗಳಲ್ಲಿ ಬಹುಪಾಲು ಬಂದಿರುವುದು ಮರದಿಂದ. ಕೆಲವು ಚೂರುಗಳ ಬೆನ್ನಿಗೆ ಇನ್ನೂ ತೊಗಟೆ ಅಂಟಿಕೊಂಡಿದೆ. ಈಗ ಇವುಗಳ ನಡುವೆ ಸಿಕ್ಕಿಕೊಂಡಿರುವ ಈ ಎಳೆಯನ್ನು ನೋಡಿ. ಹಸಿರು ಬೆರೆತ ಮಾಸಲು ಹಳದಿ ಬಣ್ಣ, ಹೊಲಿಗೆಯ ದಾರಕ್ಕಿಂತ ಸ್ವಲ್ಪ ದಪ್ಪ, ಕವಲಿನ ಮೇಲೆ ಕವಲೊಡೆದು ತನ್ನೊಳಗೆ ತಾನೇ ಹೆಣೆದುಕೊಂಡ ಒಂದು ಸಣ್ಣ ಗಂಟು. ಇದು ಉಸ್ನಿಯಾ. ನಾವು ಈ ಹೊತ್ತು ಮಾತನಾಡಬೇಕಾದ ಗಡ್ಡದ ಕಲ್ಲುಹೂವು ಇದೇ.

ಇದನ್ನು ಯಾರು ಕಿತ್ತರು, ಯಾವ ಬೆಟ್ಟದಲ್ಲಿ, ಯಾವ ಮರದಿಂದ, ಯಾವ ತಿಂಗಳಲ್ಲಿ? ಅಂಗಡಿಯವರನ್ನು ಕೇಳಿದೆ. ‘ಮಾಲು ಮಂಡಿಯಿಂದ ಬರುತ್ತೆ ಸಾರ್, ನಮಗೆ ಅಷ್ಟೇ ಗೊತ್ತು’ ಎಂದರು. ಅವರ ವ್ಯಾಪಾರಕ್ಕೆ ಅಷ್ಟು ಸಾಕು. ನಮ್ಮ ಹರ್ಬೇರಿಯಂನ, ಅಂದರೆ ಒಣಗಿಸಿದ ಮಾದರಿಗಳನ್ನು ಕಾಪಿಡುವ ಸಂಗ್ರಹಾಲಯದ, ಮಟ್ಟಿಗೆ ಮಾತ್ರ ಈ ಎಳೆಗೂ ಒಂದು ಒಣಹುಲ್ಲಿನ ಕಡ್ಡಿಗೂ ವ್ಯತ್ಯಾಸ ಉಳಿದಿಲ್ಲ. ಸೂಕ್ಷ್ಮದರ್ಶಕದಡಿ ಇಟ್ಟು ಕಷ್ಟಪಟ್ಟರೆ ಇದಕ್ಕೊಂದು ಹೆಸರನ್ನು ಹುಡುಕಬಹುದು. ಆದರೆ ಆ ಹೆಸರನ್ನು ಯಾವ ಊರಿನ, ಯಾವ ಕಾಡಿನ ಲೆಕ್ಕಕ್ಕೆ ಬರೆಯುವುದು? ನಾನು ಮುಂದೆ ಹೇಳುವುದೆಲ್ಲ ಈ ಎಳೆ ಕಳೆದುಕೊಂಡಿರುವ ಆ ನಾಲ್ಕು ಉತ್ತರಗಳನ್ನು ಕುರಿತದ್ದು.

ಮೊದಲು ಈ ಜೀವಿಯ ಬಗ್ಗೆ ಎರಡು ಮಾತು. ಕಲ್ಲುಹೂವು, ಪಠ್ಯಪುಸ್ತಕಗಳಲ್ಲಿ ಶಿಲಾವಲ್ಕ ಎಂದೂ ಲೈಕೆನ್ ಎಂದೂ ಕರೆಯುವ ಇದು, ಒಂದು ಶಿಲೀಂಧ್ರವೂ ಒಂದು ಶೈವಲವೂ (ಆಲ್ಗೆ) ಒಟ್ಟಿಗೆ ನಡೆಸುವ ಸಂಸಾರ. ಈ ಮಾತನ್ನು 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೇಳಿದಾಗ ಅಂದಿನ ಹೆಸರಾಂತ ಲೈಕೆನ್ ತಜ್ಞರೇ ಒಪ್ಪಲಿಲ್ಲ. ಉಸ್ನಿಯಾದಲ್ಲಿ ಇರುವ ಶೈವಲ ಟ್ರೆಬೌಕ್ಸಿಯಾ ಎಂಬ ಹಸಿರು ಏಕಕೋಶಿ. ಅಡುಗೆಯೆಲ್ಲ ಅದರದು, ಮನೆ ಶಿಲೀಂಧ್ರದ್ದು. ಉಸ್ನಿಯಾ ಎಂಬ ಹೆಸರು ಅರಬ್ಬಿಯ ‘ಉಶ್ನ’ ಎಂಬ ಪದದಿಂದ ಬಂದಿದೆ. ಲಿನೇಯಸ್ 1753ರಲ್ಲಿ ಬಹುತೇಕ ಎಲ್ಲ ಕಲ್ಲುಹೂವುಗಳನ್ನೂ ಒಂದೇ ಕುಲಕ್ಕೆ ಸೇರಿಸಿ, ಇವುಗಳಲ್ಲಿ ಒಂದನ್ನು ‘ಬಾರ್ಬೇಟಸ್’, ಅಂದರೆ ಗಡ್ಡವುಳ್ಳದ್ದು, ಎಂದು ಕರೆದರು. ನಮ್ಮ ಮಲೆನಾಡಿನ ತೋಟದ ಆಳುಗಳಿಗೆ ಮಾತ್ರ ಇದೂ ಪಾಚಿ, ಹಾವಸೆಯೂ (ಮಾಸ್) ಪಾಚಿ, ಪಾರ್ಮೋಟ್ರೀಮಾವೂ ಪಾಚಿ. ನೀವು ವಿಚಾರಿಸುವಾಗ ಇದನ್ನು ನೆನಪಿನಲ್ಲಿಡಿ. ‘ಮರದಲ್ಲಿ ಗಡ್ಡದ ಹಾಗೆ ಜೋತಾಡುವ ಪಾಚಿ’ ಎಂದು ಕೈ ಆಡಿಸಿ ತೋರಿಸಿದರೆ ಬೇಗ ಅರ್ಥವಾಗುತ್ತದೆ.

ಗುರುತಿಸುವ ಉಪಾಯ ಒಂದೇ ಒಂದು, ಅದನ್ನು ಈಗಲೇ ಮಾಡಿ ತೋರಿಸುತ್ತೇನೆ. ಈ ಎಳೆಯ ಮೇಲೆ ಎರಡು ಹನಿ ನೀರು ಬಿಟ್ಟಿದ್ದೇನೆ. ಒಂದು ನಿಮಿಷ ಕಾಯೋಣ. ಒಣಗಿದ್ದಾಗ ಕಡ್ಡಿಯಂತೆ ಪಟ್ಟನೆ ಮುರಿಯುತ್ತಿದ್ದದ್ದು ಈಗ ಬಾಗುತ್ತಿದೆ, ಬಣ್ಣವೂ ಹಸಿರಿಗೆ ತಿರುಗುತ್ತಿದೆ. ಎರಡು ಬೆರಳುಗಳ ಉಗುರಿನಿಂದ ಹಿಡಿದು ನಿಧಾನವಾಗಿ ಎಳೆದರೆ ಹೊರಗಿನ ಸಿಪ್ಪೆ ಬಳೆ ಬಳೆಯಾಗಿ ಬಿರಿಯುತ್ತದೆ, ಬಿರುಕುಗಳ ನಡುವೆ ರಬ್ಬರಿನಂತೆ ಹಿಗ್ಗುವ ಬಿಳಿಯ ನಾರೊಂದು ಕಾಣುತ್ತದೆ. ಈ ಬಿಳಿ ನಾರು ಉಸ್ನಿಯಾದ ಗುರುತು. ನೋಡಲು ಇದರಂತೆಯೇ ಜೋತಾಡುವ ರಾಮಲೈನಾ ಎಂಬ ಇನ್ನೊಂದು ಕಲ್ಲುಹೂವಿನಲ್ಲಿ ಈ ನಾರು ಇಲ್ಲ, ಅದರ ಕವಲುಗಳು ಸಾಮಾನ್ಯವಾಗಿ ಪಟ್ಟಿಯಂತೆ ಚಪ್ಪಟೆ. ಜೋತಾಡುವ ಹಾವಸೆಗಳಲ್ಲಿ ಸಣ್ಣ ಸಣ್ಣ ಎಲೆಗಳಿರುತ್ತವೆ, ಕೈ ಮಸೂರದಲ್ಲಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ಇನ್ನೊಂದು ಇತ್ತೀಚಿನ ಗೊಂದಲ: ನರ್ಸರಿಗಳಲ್ಲಿ ‘ಸ್ಪ್ಯಾನಿಷ್ ಮಾಸ್’ ಎಂದು ಮಾರುವ ಬೂದು ಬಣ್ಣದ ಜಡೆ. ಕಳೆದ ವರ್ಷ ವಿದ್ಯಾರ್ಥಿಯೊಬ್ಬ ಅದನ್ನು ತನ್ನ ಚಿಕ್ಕಮ್ಮನ ಮನೆಯ ಬಾಲ್ಕನಿಯಿಂದ ತಂದು, ಬೆಂಗಳೂರಿನಲ್ಲಿ ಉಸ್ನಿಯಾ ಸಿಕ್ಕಿತೆಂದು ನನ್ನ ಮುಂದಿಟ್ಟ. ಅದು ಅನಾನಸಿನ ಕುಟುಂಬಕ್ಕೆ ಸೇರಿದ, ಹೂ ಬಿಡುವ ಸಸ್ಯ, ಅಮೆರಿಕ ಖಂಡದ್ದು. ಅದರ ವೈಜ್ಞಾನಿಕ ಹೆಸರಿನಲ್ಲಿಯೇ ‘ಉಸ್ನಿಯಾಯ್ಡಿಸ್’, ಅಂದರೆ ಉಸ್ನಿಯಾದಂಥದ್ದು, ಎಂಬ ಮಾತಿದೆ. ಆದ್ದರಿಂದ ಹುಡುಗನನ್ನು ನಾನು ಬೈಯಲಿಲ್ಲ.

ಇದು ಎಲ್ಲಿ ಸಿಗುತ್ತದೆ? ಮಂಜು ಬೇಕು, ಬೆಳಕೂ ಬೇಕು, ಗಾಳಿ ಶುದ್ಧವಿರಬೇಕು. ದಟ್ಟ ಕಾಡಿನ ಒಳಗಿನ ಕತ್ತಲೆಗಿಂತ ಶೋಲಾ ಕಾಡಿನ ಅಂಚಿನಲ್ಲಿ, ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತ ಕುಳ್ಳು ಮರಗಳಲ್ಲಿ, ಏಣಿನ ಮೇಲೆ ಗಾಳಿಗೆ ಮೈಯೊಡ್ಡಿದ ಕೊಂಬೆಗಳಲ್ಲಿ ಹುಡುಕಿ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕುದುರೆಮುಖ, ಕೊಡಗಿನ 1,748 ಮೀಟರಿನ ತಡಿಯಂಡಮೋಳ್ ಮತ್ತು 1,712 ಮೀಟರಿನ ಪುಷ್ಪಗಿರಿ, ಇವುಗಳ ಇಳಿಜಾರುಗಳು ನಮ್ಮ ಕೆಲಸಕ್ಕೆ ಸಹಜ ಆಯ್ಕೆ. ಕೆಳಗಿನ ಕಾಫಿ ತೋಟಗಳನ್ನೂ ಬಿಡಬೇಡಿ. ಹಳೆಯ ಅರೇಬಿಕಾ ಗಿಡದ ರೆಂಬೆಗಳಲ್ಲಿ, ಸಿಲ್ವರ್ ಓಕ್ ಮರದ ಒರಟು ತೊಗಟೆಯಲ್ಲಿ ಗೇಣುದ್ದದ ಗಡ್ಡಗಳನ್ನು ನಾನು ಕಂಡಿದ್ದೇನೆ. ಆದರೆ ಬೋರ್ಡೋ ದ್ರಾವಣ ಹೊಡೆಯುವ ತೋಟದಲ್ಲಿ ತಾಮ್ರದ ದೆಸೆಯಿಂದ ಕಲ್ಲುಹೂವು ಸೊರಗುತ್ತದೆ, ಗಿಡದ ಪಾಚಿ ಉಜ್ಜಿಸುವ ತೋಟದಲ್ಲಿ ಉಳಿಯುವುದೇ ಇಲ್ಲ. ಹಾಗಾಗಿ ತೋಟದಲ್ಲಿ ‘ಇಲ್ಲ’ ಎಂದು ದಾಖಲಿಸುವ ಮುನ್ನ ಮಾಲೀಕರನ್ನೋ ಮೇಸ್ತ್ರಿಯನ್ನೋ ಒಂದು ಮಾತು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು, ನೆಲ್ಲಿಕಾಯಿಯ ಜೊತೆಗೆ ಕಲ್ಲುಹೂವನ್ನೂ ತಲೆಮಾರುಗಳಿಂದ ಸಂಗ್ರಹಿಸುತ್ತ ಬಂದ ಸೋಲಿಗರಿದ್ದಾರೆ; ಯಾವ ಮರದಲ್ಲಿ ಯಾವುದು ಬರುತ್ತದೆ, ಒಮ್ಮೆ ಕಿತ್ತ ಮೇಲೆ ಮತ್ತೆ ಬರಲು ಎಷ್ಟು ವರ್ಷ ಬೇಕು ಎಂಬುದನ್ನು ಅವರಿಂದ ಕೇಳಿ ತಿಳಿಯುವುದು ಬಹಳ ಇದೆ.

ಗಾಳಿಯ ಮಾತು ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳಲ್ಲಿರುವ ಕಲ್ಲುಹೂವುಗಳನ್ನು ನೋಡಿ ನಗರದ ಗಾಳಿಯ ಗುಣ ಅಳೆಯಬಹುದೆಂದು ವಿಲಿಯಂ ನೈಲಾಂಡರ್ 1866ರಷ್ಟು ಹಿಂದೆಯೇ ಬರೆದಿದ್ದರು. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬಿಬ್ಬರು ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ, ಮರದ ಮೇಲೆ ಯಾವ ಕಲ್ಲುಹೂವು ಇದೆ ಎಂಬುದರಿಂದಲೇ ಗಾಳಿಯಲ್ಲಿನ ಗಂಧಕದ ಡೈಆಕ್ಸೈಡನ್ನು ಅಂದಾಜು ಮಾಡುವ ಕೋಷ್ಟಕ ಮಾಡಿದರು; ಅದರಲ್ಲಿ ಉದ್ದನೆಯ ಉಸ್ನಿಯಾಗಳು ಅತ್ಯಂತ ಶುದ್ಧ ಗಾಳಿಯ ಕೊನೆಯಲ್ಲಿವೆ. ಅದನ್ನು ನಮ್ಮ ಘಟ್ಟಕ್ಕೆ ಹಾಗೆಯೇ ಎತ್ತಿ ಹಾಕುವಂತಿಲ್ಲ, ನಮ್ಮ ಜಾತಿಗಳೂ ಮಳೆಯೂ ಬೇರೆ. ಆದರೆ ಇಂಥ ಕೋಷ್ಟಕವೊಂದನ್ನು ನಾವು ಎಂದಾದರೂ ಮಾಡಬೇಕಾದರೆ, ಇಂತಹ ವರ್ಷ ಇಂತಹ ಮರದಲ್ಲಿ ಇದು ಇತ್ತು ಎಂಬ ಲಕೋಟೆಗಳು ಮೊದಲು ಕಪಾಟಿನಲ್ಲಿ ಇರಬೇಕಲ್ಲ.

ಅನುಮತಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಒಂದು ಎಳೆಯನ್ನೂ ಮುಟ್ಟಬಾರದು. ಖಾಸಗಿ ತೋಟದಲ್ಲಿ ಮಾಲೀಕರ ಒಪ್ಪಿಗೆ ಬೇಕು. ಅನುಮತಿ ಪತ್ರದ ಸಂಖ್ಯೆಯನ್ನು ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ವಿಧಿಯಲ್ಲಿ, ಹೊಸದೆಂದು ಕಂಡುಬಂದ ಜಾತಿಯ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕೆಂಬ ನಿಯಮವಿದೆ. ಅದೃಷ್ಟವಿದ್ದವರಿಗೆ ಅದು ಅನ್ವಯಿಸಬಹುದು.

ಈಗ ಕೀಳುವ ಕೆಲಸ. ಕೀಳುವುದು ಎಂಬ ಪದವನ್ನೇ ನಾನು ಬಳಸಬಾರದಿತ್ತು, ಏಕೆಂದರೆ ಉಸ್ನಿಯಾದ ಮಾದರಿಗಳು ಹಾಳಾಗುವುದು ಕಿತ್ತದ್ದರಿಂದಲೇ. ಜೋತಾಡುವ ಎಳೆಯನ್ನು ಹಿಡಿದು ಎಳೆದರೆ ಕೈಗೆ ಬರುವುದು ತುದಿ. ಮರದಲ್ಲಿ ಉಳಿಯುವುದು ಬುಡ. ಜಾತಿಯನ್ನು ನಿರ್ಧರಿಸುವಾಗ ನಾವು ಮೊದಲು ಕೇಳುವುದು ಬುಡದ ಬಗ್ಗೆಯೇ: ಅದು ಕಪ್ಪಾಗಿದೆಯೋ ಇಲ್ಲವೋ, ಅಲ್ಲಿ ಅಡ್ಡ ಬಿರುಕುಗಳಿವೆಯೋ, ಒಂದೇ ಕಾಂಡವಾಗಿ ಎದ್ದಿದೆಯೋ ಅಥವಾ ಮೊದಲಿನಿಂದಲೇ ಹಲವು ಕವಲುಗಳೋ. ಆದ್ದರಿಂದ ತೊಗಟೆಗೆ ಅಂಟಿದ ಗುಂಡಿಯಂಥ ಹಿಡಿಕೆಯ ಕೆಳಗೆ ಚೂರಿಯನ್ನು ಮಲಗಿಸಿ, ತೊಗಟೆಯ ತೆಳುವಾದ ಹೊರಪದರದ ಸಮೇತ ಎಬ್ಬಿಸಬೇಕು. ಮರದ ಜೀವಂತ ಪದರಕ್ಕೆ ಗಾಯವಾಗಬಾರದು. ಸಣ್ಣ ರೆಂಬೆಯಾದರೆ ರೆಂಬೆಯ ತುಂಡಿನ ಸಮೇತ ತೆಗೆದುಕೊಳ್ಳುವುದೇ ಉತ್ತಮ. ಒಣಗಿರುವಾಗ ಮುಟ್ಟಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಇದು ಹಪ್ಪಳದಂತೆ ಪುಡಿಯಾಗುತ್ತದೆ. ಬೆಳಗಿನ ಮಂಜು ಆರುವ ಮೊದಲೇ ಕೆಲಸ ಮುಗಿಸಿ, ಇಲ್ಲವಾದರೆ ಇಸ್ತ್ರಿ ಅಂಗಡಿಯಲ್ಲಿ ನೀರು ಚಿಮುಕಿಸುತ್ತಾರಲ್ಲ, ಅಂಥದೊಂದು ಬಾಟಲಿ ಜೊತೆಗಿರಲಿ.

ಮಾದರಿಯನ್ನು ಇಡಬೇಕಾದದ್ದು ಕಾಗದದ ಲಕೋಟೆಯಲ್ಲಿ. ಪ್ಲಾಸ್ಟಿಕ್ ಚೀಲ ಬೇಡವೆಂದು ನಾನು ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಟ್ಟಿಗೆಹಾರದ ಸುತ್ತ ಎರಡು ದಿನ ಜಿಗಣೆಗಳಿಗೆ ರಕ್ತ ಕೊಟ್ಟು 23 ಮಾದರಿಗಳನ್ನು ಕೂಡಿಸಿದ್ದೆ. ಮಳೆ ಜಿನುಗುತ್ತಿದ್ದುದರಿಂದ, ಕಾಗದ ನೆನೆಯುತ್ತದೆಂಬ ಜಾಣತನದಲ್ಲಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಊರಿಗೆ ಬಂದು ಜ್ವರ ಹಿಡಿದು ಮಲಗಿದೆ. ಐದನೆಯ ದಿನ ಬಿಚ್ಚಿದಾಗ ಚೀಲದೊಳಗೆ ಹಳದಿ ಗಡ್ಡದ ಮೇಲೆ ಬಿಳಿಯ ಬೂಸ್ಟು, ಅದರ ಮೇಲೆ ಕಪ್ಪು ಚುಕ್ಕೆ, ಹಳಸಿದ ಅನ್ನದ ವಾಸನೆ. ಮೂರನ್ನು ಮಾತ್ರ ಉಳಿಸಿಕೊಂಡೆ. ಕಾಗದ ನೆನೆದರೆ ಬೇರೆ ಕಾಗದಕ್ಕೆ ಬದಲಾಯಿಸಬಹುದು. ಅಷ್ಟು ಸರಳ ವಿಷಯ ಅಂದು ಹೊಳೆಯಲಿಲ್ಲ.

ಎಷ್ಟು ತೆಗೆದುಕೊಳ್ಳಬೇಕೆಂದು ಪ್ರತಿ ಶಿಬಿರದಲ್ಲಿಯೂ ಕೇಳುತ್ತಾರೆ. ಒಂದು ಲಕೋಟೆ ತುಂಬುವಷ್ಟು, ಅದೂ ಆ ಮರದಲ್ಲಿಯೋ ಪಕ್ಕದ ಮರಗಳಲ್ಲಿಯೋ ಸಾಕಷ್ಟು ಉಳಿಯುವುದಾದರೆ ಮಾತ್ರ. ಒಂದೇ ಒಂದು ಗಡ್ಡ ಇದ್ದರೆ ಫೋಟೋ ತೆಗೆದು, ಅಳತೆ ಬರೆದುಕೊಂಡು, ಅಲ್ಲಿಯೇ ಬಿಟ್ಟು ಬನ್ನಿ. ಇವು ನಿಧಾನವಾಗಿ ಬೆಳೆಯುವ ಜೀವಿಗಳು. ಅದಕ್ಕಿಂತ ಒಳ್ಳೆಯ ದಾರಿ ನೆಲ ನೋಡಿಕೊಂಡು ನಡೆಯುವುದು. ಗಾಳಿಮಳೆಗೆ ಮುರಿದು ಬಿದ್ದ ಕೊಂಬೆಗಳಲ್ಲಿ, ಮುಂಗಾರಿಗೆ ಮೊದಲು ತೋಟಗಳಲ್ಲಿ ನಡೆಯುವ ಮರಗಸಿಯಲ್ಲಿ ಕಡಿದು ಕೆಡವಿದ ಕೊಂಬೆಗಳಲ್ಲಿ, ನಾವು ಏಣಿ ಹಾಕಿದರೂ ತಲುಪಲಾರದ ಮರದ ನೆತ್ತಿಯ ಉಸ್ನಿಯಾಗಳು ತಾವಾಗಿ ಕೈಗೆ ಬರುತ್ತವೆ, ಬುಡದ ಸಮೇತ. ಒಂದು ಷರತ್ತು: ಲೇಬಲ್ಲಿನಲ್ಲಿ ‘ಬಿದ್ದ ಕೊಂಬೆಯಿಂದ’ ಎಂದು ಬರೆಯಲೇಬೇಕು, ಎತ್ತರವನ್ನು ಊಹಿಸಿ ತುಂಬಬಾರದು.

ಬರೆಯುವ ಕೆಲಸಕ್ಕೆ ಬಂದೆವು. ಸಂಗ್ರಹದ ಸಂಖ್ಯೆ ನಿಮ್ಮ ಜೀವನದಲ್ಲಿ ಒಂದೇ ಸಾಲು. ಒಂದರಿಂದ ಶುರುವಾದದ್ದು ನೀವು ಈ ಕೆಲಸ ನಿಲ್ಲಿಸುವವರೆಗೆ ಮುಂದುವರಿಯಬೇಕು. ಹೊಸ ವರ್ಷ ಬಂತೆಂದು, ಹೊಸ ಬೆಟ್ಟ ಹತ್ತಿದೆನೆಂದು ಮತ್ತೆ ಒಂದರಿಂದ ಆರಂಭಿಸಿದರೆ ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ನಾಲ್ಕು ‘14’ಗಳು ಹುಟ್ಟಿಕೊಳ್ಳುತ್ತವೆ. ಸಂಖ್ಯೆಯನ್ನು ಲಕೋಟೆಯ ಮೇಲೆಯೂ ಪುಸ್ತಕದಲ್ಲಿಯೂ ಮರದ ಬಳಿ ನಿಂತೇ ಬರೆಯಿರಿ, ಪೆನ್ಸಿಲಿನಲ್ಲಿ. ಜೆಲ್ ಪೆನ್ನು ಮಲೆನಾಡಿನ ಮಳೆಗೆ ನೀಲಿ ಕೆರೆಯಾಗುತ್ತದೆ.

ಸ್ಥಳವನ್ನು ಬರೆಯುವ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಪಾಟಿನಲ್ಲಿ ಬಹಳ ಹಿಂದಿನ ಒಂದು ಲಕೋಟೆ ಇದೆ, ಒಳಗಿನ ಮಾದರಿ ಅಪರೂಪಕ್ಕೆ ಇಡಿಯಾಗಿದೆ, ಬುಡವಿದೆ, ಬೀಜಕಗಳ ತಟ್ಟೆಗಳೂ ಇವೆ. ಲೇಬಲ್ಲಿನ ಮೇಲೆ ‘ಕೊಪ್ಪ, ಮರದ ಮೇಲೆ’ ಎಂದು ಮಾತ್ರ ಇದೆ. ಯಾವ ಕೊಪ್ಪ? ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರ ಕೊಪ್ಪವೋ, ಕುಶಾಲನಗರದ ಹೊಳೆಯಾಚೆ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಕೊಪ್ಪವೋ, ಮದ್ದೂರು ತಾಲ್ಲೂಕಿನ ಕೊಪ್ಪವೋ? ಮದ್ದೂರಿನ ಬಯಲಿನಲ್ಲಿ ಇಂಥ ಉಸ್ನಿಯಾ ಬೆಳೆಯದು ಎಂದು ನೀವು ವಾದಿಸಬಹುದು. ಆದರೆ ಎಲ್ಲಿ ಬೆಳೆಯುತ್ತದೆ, ಎಲ್ಲಿ ಇಲ್ಲ ಎಂಬುದನ್ನು ಲೇಬಲ್ಲಿನಿಂದ ಕಲಿಯಬೇಕಾದವರು ನಾವು. ನಾವು ಮೊದಲೇ ಅಂದುಕೊಂಡದ್ದರಿಂದ ಲೇಬಲ್ಲನ್ನು ತಿದ್ದಿದರೆ ಅದು ನಮ್ಮ ಊಹೆಯನ್ನೇ ನಮಗೆ ತಿರುಗಿ ಹೇಳುತ್ತದೆ. ಇನ್ನು ಹೊಸಹಳ್ಳಿಗಳ ಸುದ್ದಿಗೆ ನಾನು ಹೋಗುವುದಿಲ್ಲ, ಪ್ರತಿ ಜಿಲ್ಲೆಯವರೂ ತಮ್ಮದನ್ನು ಎಣಿಸಿಕೊಳ್ಳಬಹುದು.

ಜಿಲ್ಲೆಗಳೂ ಸ್ಥಿರವಲ್ಲ. ‘ಮೈಸೂರು ಜಿಲ್ಲೆ, ಬಿಳಿಗಿರಿರಂಗನ ಬೆಟ್ಟ’ ಎಂಬ ಹಳೆಯ ಲೇಬಲ್ ತಪ್ಪಲ್ಲ. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಅದೇ ವರ್ಷ ಉಡುಪಿಯೂ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಕೊಡಗು 1956ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು, ಹಾಗಾಗಿ ಆ ಕಾಲದ ಲೇಬಲ್ಲಿನಲ್ಲಿ ‘ಕೂರ್ಗ್’ ಎಂಬುದೇ ರಾಜ್ಯದ ಹೆಸರು. ಕಂಪ್ಯೂಟರಿಗೆ ಏರಿಸುವಾಗ ಹಳೆಯ ಬರಹವನ್ನು ಇದ್ದ ಹಾಗೆಯೇ ಒಂದು ಅಂಕಣದಲ್ಲಿ ನಕಲು ಮಾಡಿ, ಇಂದಿನ ಆಡಳಿತ ವಿಭಾಗವನ್ನು ಪಕ್ಕದ ಅಂಕಣದಲ್ಲಿ ಬರೆಯಿರಿ. ನೀವು ಹೊಸದಾಗಿ ಬರೆಯುವಾಗ ರಾಜ್ಯ, ಜಿಲ್ಲೆ, ತಾಲ್ಲೂಕು, ಹತ್ತಿರದ ಹಳ್ಳಿ, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ದೂರ, ನಂತರ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಈ ಕ್ರಮದಲ್ಲಿ ಬರೆಯಿರಿ. ಮೊಬೈಲ್ ಅಂಕಿ ಕೊಡುತ್ತದೆಂದು ಮಾತುಗಳನ್ನು ಬಿಡಬೇಡಿ. ಅಂಕಿಯಲ್ಲಿ ಒಂದು ಸ್ಥಾನ ತಪ್ಪಾದರೆ ನಿಮ್ಮ ಉಸ್ನಿಯಾ ಅರಬ್ಬೀ ಸಮುದ್ರದಲ್ಲಿ ತೇಲುತ್ತದೆ. ‘ಹಳ್ಳಿಯ ಮಾರಿಗುಡಿಯಿಂದ ಪಶ್ಚಿಮಕ್ಕೆ 2 ಕಿಲೋಮೀಟರ್’ ಎಂಬ ಮಾತು ಇದ್ದರೆ ಯಾರಾದರೂ ಅದನ್ನು ದಡಕ್ಕೆ ತರಬಹುದು.

ಮರದ ಹೆಸರು, ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಕಾಂಡವೋ ಕೊಂಬೆಯೋ, ಯಾವ ದಿಕ್ಕಿಗೆ ಮುಖ ಮಾಡಿತ್ತು, ಬಿಸಿಲೋ ನೆರಳೋ, ಜೋತಾಡುತ್ತಿತ್ತೋ ಪೊದೆಯಂತೆ ನೆಟ್ಟಗಿತ್ತೋ, ಇವನ್ನೂ ಬರೆಯಿರಿ; ಕೊನೆಯದು ಬಹಳ ಮುಖ್ಯ, ಏಕೆಂದರೆ ಲಕೋಟೆಯಲ್ಲಿ ಅದುಮಿದ ಮೇಲೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಮರದ ಹೆಸರು ತಿಳಿಯದಿದ್ದರೆ ಒಂದು ಎಲೆಯನ್ನು ಅದೇ ಸಂಖ್ಯೆ ಹಾಕಿ ಪತ್ರಿಕೆಯ ನಡುವೆ ಇಟ್ಟುಕೊಳ್ಳಿ. ಊರಿನವರು ಹೇಳಿದ ಹೆಸರನ್ನು ಅವರು ಹೇಳಿದ ಉಚ್ಚಾರದಲ್ಲೇ ಕನ್ನಡದಲ್ಲಿ ಬರೆಯಿರಿ, ತಿದ್ದಬೇಡಿ.

ಮನೆಗೆ ತಂದ ಮೇಲೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಬೇಕು. ಹೂವಿನ ಗಿಡಗಳಂತೆ ಬಿಗಿಯಾಗಿ ಒತ್ತಿದರೆ ಕವಲಿನ ಮೇಲಿನ ಗುಬುಟುಗಳೂ ಮುಳ್ಳಿನಂಥ ಸಣ್ಣ ರೆಂಬೆಗಳೂ ಉದುರುತ್ತವೆ. ಸ್ವಲ್ಪ ತೇವ ಮಾಡಿ ಒಂದು ಹಗುರವಾದ ಪುಸ್ತಕದ ಭಾರ ಹೇರಿದರೆ ಸಾಕು. ಆಮೇಲೆ ಸೂಕ್ಷ್ಮದರ್ಶಕದ ಕೆಲಸ. ಸುಮಾರು ಒಂದು ಮಿಲಿಮೀಟರ್ ದಪ್ಪದ ಕವಲೊಂದನ್ನು ಬ್ಲೇಡಿನಿಂದ ಉದ್ದುದ್ದ ಸೀಳಿ, ಸಿಪ್ಪೆ, ನಡುವಿನ ಬಿಳಿ ಹತ್ತಿಯಂಥ ಪದರ, ಒಳಗಿನ ನಾರು, ಈ ಮೂರೂ ಕವಲಿನ ದಪ್ಪದಲ್ಲಿ ಶೇಕಡಾ ಎಷ್ಟೆಷ್ಟು ಪಾಲು ಎಂದು ಅಳೆಯುತ್ತೇವೆ. ಹತ್ತಿಯ ಪದರ ಸಡಿಲವೋ ಬಿಗಿಯೋ, ನಾರು ಗಟ್ಟಿಯೋ ಕೊಳವೆಯಂತೆ ಟೊಳ್ಳೋ ಎಂಬುದನ್ನು ನೋಡುತ್ತೇವೆ. ಉಸ್ನಿಯಾ ಬೈಲೆಯಿ ಎಂಬುದರ ನಾರು ಟೊಳ್ಳು. ನಂತರ ಸೀಳಿದ ಚೂರಿನ ಮೇಲೆ ಹತ್ತು ಪ್ರತಿಶತ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಸೂಜಿಮೊನೆಯ ಹನಿ. ಬಿಳಿ ಪದರ ಮೊದಲು ಹಳದಿಯಾಗಿ, ನೋಡುತ್ತಿದ್ದಂತೆಯೇ ಎಲೆಯಡಿಕೆ ಜಗಿದ ಬಾಯಿಯಂತೆ ಕೆಂಪಾದರೆ ಸ್ಯಾಲಜಿನಿಕ್ ಅಥವಾ ನಾರ್‌ಸ್ಟಿಕ್ಟಿಕ್ ಆಮ್ಲ ಇರುವ ಸಂಭವ. ಎರಡರಲ್ಲಿ ಯಾವುದೆಂದು ಖಚಿತಪಡಿಸಲು ತೆಳುಪದರ ವರ್ಣಲೇಖನ, ಅಂದರೆ ತೆಳು ಲೇಪದ ಮೇಲೆ ದ್ರವ ಹರಿಸಿ ರಾಸಾಯನಿಕಗಳನ್ನು ಬೇರ್ಪಡಿಸುವ ಪರೀಕ್ಷೆ, ಮಾಡಬೇಕು. ಪ್ಯಾರಾಫಿನೈಲೀನ್‌ಡೈಅಮೈನ್ ಎಂಬ ಇನ್ನೊಂದು ದ್ರಾವಣವೂ ಇದೆ, ಅದು ವಿಷ. ಕೈಗವಸಿಲ್ಲದೆ, ಊಟದ ಡಬ್ಬಿ ಇಟ್ಟ ಮೇಜಿನ ಮೇಲೆ ಅದನ್ನು ಬಳಸುವವರನ್ನು ಕಂಡಿದ್ದೇನೆ. ಪರೀಕ್ಷೆಯನ್ನು ಇಡೀ ಮಾದರಿಯ ಮೇಲೆ ಮಾಡಬಾರದು. ಚೂರನ್ನು ಬೇರೆಯಾಗಿ ತೆಗೆದು, ಪರೀಕ್ಷೆಯ ನಂತರ ಸಣ್ಣ ಒಳಲಕೋಟೆಯಲ್ಲಿ ಅದನ್ನೂ ಇಟ್ಟು, ಫಲಿತಾಂಶವನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆಯಬೇಕು.

ಹೊರಸಿಪ್ಪೆಯ ಹಳದಿ ಬಣ್ಣಕ್ಕೆ ಕಾರಣವಾದ ಉಸ್ನಿಕ್ ಆಮ್ಲವನ್ನು ಔಷಧವೆಂದು ಕೇಳಿದವರು ನಿಮ್ಮಲ್ಲಿ ಇರಬಹುದು. ಅದಕ್ಕೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಇರುವುದು ನಿಜ. ಅದರ ಲವಣವಿದ್ದ ತೂಕ ಇಳಿಸುವ ಮಾತ್ರೆಯೊಂದರಿಂದ ಯಕೃತ್ತು ಕೆಟ್ಟ ಪ್ರಕರಣಗಳು ಕಂಡು 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದ್ದೂ ಅಷ್ಟೇ ನಿಜ. ಸಂಗ್ರಹಿಸಿದ್ದನ್ನು ಕಷಾಯ ಮಾಡಬೇಡಿ.

ಇಷ್ಟೆಲ್ಲ ಅಳತೆ ಏಕೆಂದರೆ ಉಸ್ನಿಯಾ ತನ್ನ ರೂಪದಿಂದ ಜನರನ್ನು ಬಹಳ ಮೋಸಗೊಳಿಸಿದೆ. ಪೋಲೆಂಡಿನ ಯೋಜೆಫ್ ಮೋಟಿಕಾ 1936ರಿಂದ 1938ರ ನಡುವೆ ಇಡೀ ಜಗತ್ತಿನ ಉಸ್ನಿಯಾಗಳ ಬಗ್ಗೆ ಭಾರಿ ಗ್ರಂಥವೊಂದನ್ನು ಪ್ರಕಟಿಸಿದರು. ಅದರಲ್ಲಿ ಬೇರೆ ಬೇರೆ ಜಾತಿಗಳೆಂದು ಕರೆದ ಅನೇಕವು ಒಂದೇ ಜಾತಿ ಬಿಸಿಲಿನಲ್ಲಿ ಒಂದು ರೀತಿ, ನೆರಳಿನಲ್ಲಿ ಇನ್ನೊಂದು ರೀತಿ ಬೆಳೆದವು ಎಂದು ನಂತರದವರು ಕಂಡುಕೊಂಡರು. ಅವರು ಹಾಗೆ ಕಂಡುಕೊಂಡದ್ದು ಅವೇ ಹಳೆಯ ಲಕೋಟೆಗಳನ್ನು ಮತ್ತೆ ಬಿಚ್ಚಿ ನೋಡಿ ಎಂಬುದನ್ನು ಗಮನಿಸಿ. ನಮ್ಮ ದೇಶದ ಉಸ್ನಿಯಾಗಳ ಅಧ್ಯಯನವನ್ನು 1986ರಲ್ಲಿ ಜಿ. ಅವಸ್ಥಿಯವರು ಪ್ರಕಟಿಸಿದರು, ನಮ್ಮ ಘಟ್ಟದ ಹೆಸರನ್ನೇ ಹೊತ್ತ ಉಸ್ನಿಯಾ ಘಾಟೆನ್ಸಿಸ್‌ಗೆ ಹೆಸರಿಟ್ಟವರು ಅವರೇ. ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಕಟ್ಟಿದ ಡಿ. ಡಿ. ಅವಸ್ಥಿಯವರು (1922–2011) ಲಖನೌದಲ್ಲಿ ಕೂಡಿಸಿದ ಸಂಗ್ರಹವೂ, ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ಸಂಗ್ರಹವೂ ನಮ್ಮಂಥ ಸಣ್ಣ ಹರ್ಬೇರಿಯಂಗಳಿಗೆ ಆಸರೆ. ಸಾಧ್ಯವಾದಾಗಲೆಲ್ಲ ಒಂದೇ ಸಂಖ್ಯೆಯ ಎರಡು ಲಕೋಟೆ ಮಾಡಿ, ಒಂದನ್ನು ಅಂಥ ದೊಡ್ಡ ಸಂಗ್ರಹಕ್ಕೆ ಕಳುಹಿಸಿ. ಎರವಲು ಕೊಡುವಾಗ ಮಾತ್ರ ಇರುವ ಒಂದೇ ಮಾದರಿಯನ್ನು ಕೊಡಬೇಡಿ. ಒಂದು ಸಂಸ್ಥೆಗೆ ಹೋದ ನಮ್ಮ 11 ಲಕೋಟೆಗಳು ಇಂದಿಗೂ ಹಿಂದಿರುಗಿಲ್ಲ; ರಸೀದಿ ನಮ್ಮ ಬಳಿ ಇದೆ, ಅದನ್ನು ಬರೆದುಕೊಟ್ಟವರು ನಿವೃತ್ತರಾಗಿದ್ದಾರೆ.

ಕಪಾಟಿನೊಳಗೆ ಇಡುವ ಮುನ್ನ ಲಕೋಟೆಗಳನ್ನು ಬಿಗಿಯಾಗಿ ಮುಚ್ಚಿದ ಚೀಲದಲ್ಲಿ ಹಾಕಿ ಡೀಪ್ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ; ಪುಸ್ತಕದ ಹೇನು, ಸಣ್ಣ ದುಂಬಿ, ಅವುಗಳ ಮೊಟ್ಟೆ ಎಲ್ಲಕ್ಕೂ ಅದು ಸಾಕು. ಪ್ಲಾಸ್ಟಿಕ್ ಒಪ್ಪತಕ್ಕ ಒಂದೇ ಸಂದರ್ಭ ಅದು, ಮಾದರಿ ಪೂರ್ತಿ ಒಣಗಿರುವುದರಿಂದ. ಹಿಂದಿನವರಂತೆ ಪಾದರಸದ ಲವಣ ಬಳಿಯಬೇಡಿ. ಹಳೆಯ ಮಾದರಿಗಳನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ. ಲಕೋಟೆಗೆ ಆಮ್ಲರಹಿತ ಕಾಗದ ಬೇಕು. ಯಾರಾದರೂ ಹೆಸರು ಬದಲಾಯಿಸಿದರೆ ಹಳೆಯ ಹೆಸರಿನ ಮೇಲೆ ಗೀಟು ಎಳೆಯುವಂತಿಲ್ಲ, ಹೊಸ ಚೀಟಿಯನ್ನು ಪಕ್ಕದಲ್ಲಿ ಅಂಟಿಸಿ ಅವರು ತಮ್ಮ ಹೆಸರು, ತಾರೀಖು ಬರೆಯಬೇಕು. ನಮ್ಮಲ್ಲಿ ನಾಲ್ಕು ಚೀಟಿ ಹೊತ್ತ ಒಂದು ಲಕೋಟೆಯಿದೆ. ಅದರಲ್ಲಿ ಎರಡನೆಯ ತಪ್ಪು ಹೆಸರು ನನ್ನದು.

ಕೊನೆಯದಾಗಿ ನೋಟ್ ಪುಸ್ತಕಗಳ ವಿಷಯ. ಲಕೋಟೆ ಮಾತ್ರ ಹರ್ಬೇರಿಯಂಗೆ, ಪುಸ್ತಕ ಮನೆಯ ಅಟ್ಟಕ್ಕೆ ಎಂಬ ರೂಢಿ ನಮ್ಮಲ್ಲಿದೆ. ಸಂಗ್ರಹಕಾರ ಹೋದ ಮೇಲೆ ಅದು ಹಳೆ ಪೇಪರಿನವನ ಪಾಲು. ನನ್ನವು ಏಳು ಪುಸ್ತಕಗಳನ್ನು ಈ ತಿಂಗಳೇ ಇಲ್ಲಿಯ ಎರಡನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಮೂರನೆಯ ಪುಸ್ತಕ ಒಮ್ಮೆ ಬಿಸಿಲೆ ಘಾಟಿಯ ಮಳೆಯಲ್ಲಿ ಚೀಲದ ಸಮೇತ ನೆನೆದು, 412ರಿಂದ 460ರವರೆಗಿನ ಸಂಗ್ರಹದ ಸಂಖ್ಯೆಗಳಿದ್ದ ಪುಟಗಳು ಅಂಟಿಕೊಂಡು ಹರಿದವು. ಆ ಸಂಖ್ಯೆಗಳ ವಿವರವನ್ನು ಅದೇ ವಾರ ಕುಳಿತು ಮತ್ತೆ ಬರೆದೆ. ಲಕೋಟೆಯ ಮೇಲಿದ್ದುದನ್ನು ನೋಡಿ ನಕಲು ಮಾಡಿದ್ದು ಸೀಸದ ಪೆನ್ಸಿಲಿನಲ್ಲಿದೆ, ನೆನಪಿನಿಂದ ತುಂಬಿದ್ದು ಕೆಂಪು ಪೆನ್ಸಿಲಿನಲ್ಲಿದೆ. 437ರ ಎತ್ತರ, 441ರ ಮರದ ಹೆಸರು, 450ರಿಂದ ಮುಂದಿನ ದಿಕ್ಕುಗಳೆಲ್ಲ ಕೆಂಪು. ನೀವು ಅವನ್ನು ಕಂಪ್ಯೂಟರಿಗೆ ಏರಿಸುವಾಗ ಆ ಕೆಂಪನ್ನೂ ಒಂದು ಅಂಕಣ ಮಾಡಿ ದಾಖಲಿಸಿಕೊಳ್ಳಿ.